ಕಚ್ಚಿ ನೋಡಿದ ಕಾಳು

ಮಾರ್ಚ್ ೧೨, ಮಂಗಳವಾರ.

ಆ ಹೆಂಗಸಿನ ಮುಖ ಕಣ್ಣಿಂದ ಮರೆಯಾಗುತ್ತಿಲ್ಲ. ಬಂದರಿಗೆ ಪರದೇಶದ ಅಗ್ಗದ ಗೋಧಿ ಬಂದಿದೆ, ನಮ್ಮ ರೈತರಿಂದ ಖರೀದಿ ನಿಧಾನ ಮಾಡಿ ಎಂದು ಬೆಳಿಗ್ಗೆಯೇ ನಮ್ಮ ಸರ್ಕಾರಿ ಖರೀದಿ ಕೇಂದ್ರಕ್ಕೆ ಮೇಲಿನಿಂದ ಫೋನು ಬಂದಿತ್ತು. ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಅವಳು ಮಾರಲು ತಂದ ಗೋಧಿಗೆ ‘ತೇವ ಜಾಸ್ತಿ’ ಎಂದು ಬರೆದು, ಕೊಳ್ಳಲಾಗದು ಎಂದೆ.

“ನೀವೇ ಕಚ್ಚಿ ನೋಡಿ ಸಾರ್,” ಎಂದು ನಾಲ್ಕು ಕಾಳು ಅಂಗೈಗೆ ಹಾಕಿದಳು. ಕಚ್ಚಿದೆ. ಚೆನ್ನಾಗಿ ಒಣಗಿದ ಕಾಳು, ಕಟಕ್ಕೆಂದು ಮುರಿಯಿತು. ಅವಳಿಗೂ ಕೇಳಿಸಿತು.

“ತೇವದ ಮೀಟರು ಬೇರೆ ಹೇಳ್ತಿದೆಯಮ್ಮ,” ಎಂದೆ. ಮೀಟರನ್ನು ನನ್ನ ಕಡೆಗೇ ತಿರುಗಿಸಿಟ್ಟುಕೊಂಡಿದ್ದೆ.

“ಅದಕ್ಕೆ ಹಲ್ಲಿಲ್ಲ ಬಿಡಿ. ನಿಮಗಿದೆಯಲ್ಲ,” ಎಂದು ಟ್ರ್ಯಾಕ್ಟರ್ ತಿರುಗಿಸಿಕೊಂಡು ಹೋದಳು.

ಇಪ್ಪತ್ತು ವರ್ಷ ಮೀಟರಿಗಿಂತ ಹಲ್ಲನ್ನೇ ನಂಬಿದವನು ನಾನು.

ರಾತ್ರಿ ಊಟ ಸೇರಲಿಲ್ಲ. ಯಾಕೆ ಎಂದು ಹೆಂಡತಿ ಕೇಳಿದ್ದಕ್ಕೆ ಹಲ್ಲುನೋವು ಎಂದೆ. ಪಾಪ, ನಂಬಿ ಉಪ್ಪುನೀರು ಕಾಯಿಸಿ ತಂದಳು. ಅವಳೆದುರೇ ಕೆನ್ನೆ ಹಿಡಿದುಕೊಂಡು ಮುಕ್ಕಳಿಸಿದೆ.