ಕೋಟೆಯ ಮೇಲಿಂದ ಅತ್ತೆಗೆ

ಪ್ರೀತಿಯ ಅತ್ತೆ,

ಫೋನ್ ಮಾಡಿದರೆ ನಿಮ್ಮ ಮಗನಿಗೆ ಕೇಳಿಸುತ್ತದೆ, ಅದಕ್ಕೇ ಮೊಬೈಲಿನಲ್ಲೇ ಈ ಪತ್ರ. ಇಂಗ್ಲಿಷ್ ಮೀಡಿಯಂ ಸೊಸೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಓದಿಗೆಂದು ಈ ದೇಶಕ್ಕೆ ಬಂದ ಮೇಲೆ ಇದೇ ನಮ್ಮ ಮೊದಲ ಪ್ರವಾಸ, ನನ್ನ ಕ್ಲಾಸಿನವರ ಜೊತೆ! ಬೆಳಿಗ್ಗೆ ಜಲಪಾತ ನೋಡಿದೆವು. ಎಷ್ಟು ಚೆಂದ ಅಂತೀರಿ! ಆಮೇಲೆ ಬೆಟ್ಟದ ಮೇಲಿನ ಹಳೇ ಕೋಟೆ. ಕೊನೆಯಲ್ಲಿ ಬಂಡೆಗೆ ಜಡಿದ ಕಬ್ಬಿಣದ ಏಣಿ. ಇವರು ನನ್ನ ಕ್ಲಾಸಿನವರೆಲ್ಲರ ಮುಂದೆ ಚಕಚಕನೆ ಹತ್ತಿಬಿಟ್ಟರು. ನನಗೋ ಹೆಮ್ಮೆಯೋ ಹೆಮ್ಮೆ!

ಇಳಿಯುವಾಗ ಕೆಳಗೆ ನೋಡಿದರು, ಅಷ್ಟೇ. ಈಗ ಗೋಡೆಗೆ ಬೆನ್ನು ಒತ್ತಿ ಕೂತು ಬೆವರುತ್ತಿದ್ದಾರೆ. "ನೀನು ನಡಿ, ನಾನು ಸ್ವಲ್ಪ ಗಾಳಿ ತಗೊಂಡು ಬರ್ತೀನಿ" ಅನ್ನುತ್ತಾರೆ. ಉಳಿದವರೆಲ್ಲ ಇಳಿದಾಯಿತು. ಕಾವಲುಗಾರ ಕೆಳಗಿಂದ ಸೀಟಿ ಹೊಡೆಯುತ್ತಲೇ ಇದ್ದಾನೆ. ಗಾಳಿ ಜೋರಾಗುತ್ತಿದೆ, ಇಳಿಯಲು ಬೇರೆ ದಾರಿಯಿಲ್ಲ.

ಇವರು ಚಿಕ್ಕವರಿದ್ದಾಗ ನೀರಿನ ಟ್ಯಾಂಕ್ ಹತ್ತಿ ಅಳುತ್ತಾ ಕೂತದ್ದು, ನೀವು ಕೆಳಗೆ ನಿಂತು ಬರೀ ಮಾತಿನಲ್ಲೇ ಇಳಿಸಿದ್ದು, ಎಲ್ಲವನ್ನೂ ನಮ್ಮ ಮದುವೆ ಮನೆಯಲ್ಲಿ ಹೇಳಿ ನಗಿಸಿದ್ದಿರಿ. ಅವತ್ತು ಏನಂದಿರಿ, ಅತ್ತೆ? ಬೈದಿರಾ, ಮುದ್ದು ಮಾಡಿದಿರಾ? ಒಂದು ಮಾತೂ ಬಿಡದೆ ಈಗಲೇ ಬರೆದು ಕಳಿಸಿ. ಇವರಿಗೆ ಮಾತ್ರ ಫೋನ್ ಮಾಡಬೇಡಿ, ಮರ್ಯಾದೆ ಹೋಯಿತು ಅಂದುಕೊಳ್ಳುತ್ತಾರೆ.

ನಾನೇ ಮೊದಲು ಇಳಿದು, ಇವರ ಪಾದ ಹಿಡಿದು ಒಂದೊಂದೇ ಮೆಟ್ಟಿಲ ಮೇಲೆ ಇಡಿಸುತ್ತೇನೆ ಅಂದಿದ್ದೇನೆ. ಆದರೆ ಈಗ ತಾನೇ ನಾನೂ ಬಗ್ಗಿ ನೋಡಿದೆ, ಅತ್ತೆ.

ಇಬ್ಬರಿಗೂ ಸಾಕಾಗುವಷ್ಟು ಬರೆಯಿರಿ.

ನಿಮ್ಮ ಹೊಸ ಸೊಸೆ