ಕರಗಬೇಕಿದ್ದ ಹಂದರ

ಗದಗ, ಇಸವಿ ೨೨೪೧, ಹದಿಮೂರನೆಯ ತಿಂಗಳು, ಆರನೆಯ ದಿನ

ದವಡೆಗೆ ಎಲುಬು ಬೆಳೆಸಲು ಈಗಷ್ಟೇ ಕಲಿಯುತ್ತಿರುವ ಹಿರಿಯರಿಗೆ, ನೀಲಗಂಗಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಬೇಸಿಗೆ ಮುಗಿಯದೇ ಹೋದದ್ದರಿಂದ ಅದಕ್ಕೊಂದು ತಿಂಗಳು ಹೆಚ್ಚಿಗೆ ಕೊಟ್ಟಿದ್ದೇವೆ. ನನ್ನ ಮಾತುಗಳೂ ನಿಮಗೆ ವಿಚಿತ್ರ ಅನಿಸಬಹುದು. ಕ್ಷಮಿಸಿ, ತಿದ್ದಿ ಬರೆಯಲು ಸಮಯವಿಲ್ಲ. ಹಿಂದಿನ ಕಾಲದವರಿಗೆ ಬರೆದ ಕಾಗದ ತಲುಪುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆದರೂ ನಾಡಿದ್ದು ನನ್ನ ಮಗಳ ಮುಖದಿಂದ ಹಂದರ ತೆಗೆಯುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಹಂದರವೆಂದರೆ ನಿಮ್ಮ ಹೀರೇಬಳ್ಳಿಯ ಹಂದರದಂಥದ್ದೇ. ಗಡ್ಡೆ ಕತ್ತರಿಸಿ ಖಾಲಿಯಾದ ದವಡೆಯಲ್ಲಿ ಸಣ್ಣ ಸಣ್ಣ ತೂತುಗಳ ಚೌಕಟ್ಟು ಇಡುತ್ತೇವೆ. ಎಲುಬು ಅದನ್ನು ಹಿಡಿದು ಹಬ್ಬುತ್ತದೆ, ಹಬ್ಬಿದಷ್ಟೂ ಚೌಕಟ್ಟು ಕರಗುತ್ತದೆ. ಇದಕ್ಕೆ ಎರಡು ವರ್ಷ ಬೇಕು, ಅಲ್ಲಿಯವರೆಗೆ ಗಂಜಿ. ಕೊನೆಗೆ ‘ರೊಟ್ಟಿ ದಿನ’: ನೆಂಟರೆಲ್ಲ ಕೂಡಿ ಕಿವಿಗೊಟ್ಟು ಕುಳಿತಾಗ ಗುಣವಾದವರು ಕಟಕ್ ಎಂದು ಕಡಕ್ ರೊಟ್ಟಿ ಕಡಿಯಬೇಕು. ನಮಗದು ಮದುವೆಗಿಂತ ದೊಡ್ಡದು. ಯಾರ ಮನೆಯಲ್ಲಿ ಮೊದಲು ಎಂಬ ಪೈಪೋಟಿ ಹುಟ್ಟಿತು. ಅದಕ್ಕಾಗಿಯೇ ಕರಗದ ಗಟ್ಟಿ ಹಂದರ ಬಂತು. ಅದಿದ್ದರೆ ಮೂರೇ ತಿಂಗಳಿಗೆ ರೊಟ್ಟಿ.

ದವಡೆಯ ಗಡ್ಡೆ ಕತ್ತರಿಸಿದಾಗ ನನ್ನ ಮಗಳು ಬಂಗಾರೆವ್ವನಿಗೆ ಏಳು ವರ್ಷ. ಆಸ್ಪತ್ರೆಯಲ್ಲಿ ಹಂದರ ನೇಯುವ ಇಮಾಂಬಿ ಎರಡನ್ನೂ ಮುಂದಿಟ್ಟು, ಕರಗುವುದನ್ನು ನನ್ನ ಕಡೆ ತಳ್ಳಿದಳು. “ಎಲುಬಿಗೂ ದುಡಿಮಿ ಕೊಡಬೇಕವ್ವಾ. ಕುಂತಲ್ಲೇ ಉಣಿಸಿದ್ರ ಅದ್ಯಾಕ ಎದ್ದೀತು?” ಎಂದಳು. ಆಕೆಗೇನು, ಮಗು ಹಸಿದು ನೋಡುವುದು ನನ್ನ ಮುಖವನ್ನು ಎಂದುಕೊಂಡು ಗಟ್ಟಿಯದನ್ನು ಆರಿಸಿದೆ. ಆತುರಗಾರನಿಗೆ ಬುದ್ಧಿ ಮಟ್ಟ. ಮೂರು ತಿಂಗಳಿಗೆ ಮಗಳು ರೊಟ್ಟಿ ಕಡಿದಳು, ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ.

ಭಾರವನ್ನೆಲ್ಲ ಹಂದರವೇ ಹೊತ್ತಿತು. ಕೆಲಸವಿಲ್ಲದ ಎಲುಬು ಹಬ್ಬಲೇ ಇಲ್ಲ, ಇದ್ದದ್ದೂ ಸವೆಯಿತು. ಮಗಳು ಬೆಳೆದಳು, ಹಂದರ ಬೆಳೆಯಲಿಲ್ಲ, ಗದ್ದ ಒಂದು ಕಡೆಗೆ ವಾಲಿತು. ಈಗ ಅವಳಿಗೆ ಹನ್ನೊಂದು. ಹೋದ ವಾರ ಹಂದರ ಬಿರುಕು ಬಿಟ್ಟು ಕೀವಾಗಿದೆ. ಹೊಸದನ್ನು ಕೂರಿಸಲು ಹಿಡಿತಕ್ಕೆ ಬೇಕಾದಷ್ಟೂ ಎಲುಬು ಉಳಿದಿಲ್ಲವಂತೆ. ಇಮಾಂಬಿಯ ಕಾಲು ಹಿಡಿದೆ. ಆಕೆ ಬೈಯಲಿಲ್ಲ, ನನ್ನ ಜೊತೆ ಅತ್ತಳು. ಬೈದಿದ್ದರೆ ಚೆನ್ನಾಗಿತ್ತು.

ಇಂದು ಬೆಳಿಗ್ಗೆ ಮಗಳು ಕೇಳಿದಳು: “ಯವ್ವಾ, ಇದನ್ನ ತಗದ ಮ್ಯಾಲ ನನ್ನ ಮಾರಿ ನಿನಗ ಗುರ್ತ ಸಿಗತೈತಿಲ್ಲ?”

ಹಿರಿಯರೇ, ನಿಮ್ಮ ಮೇಜಿನ ಮೇಲೆ ಕರಗಿಹೋದ ಹಂದರವನ್ನು ಸೋತಿತೆಂದು ಎಸೆಯಬೇಡಿ. ಗಟ್ಟಿಯದನ್ನು ಮಾಡಲೇಬೇಡಿ. ಎರಡನ್ನೂ ಇಟ್ಟು ಆಯ್ಕೆಯನ್ನು ನಮಗೆ ಬಿಡಬೇಡಿ. ಇಷ್ಟೆಲ್ಲ ಬರೆದ ನಾನೇ, ಹಸಿದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಇನ್ನೊಮ್ಮೆ ಅಲ್ಲಿ ಕುಳಿತರೆ, ಗಟ್ಟಿಯದನ್ನೇ ಎತ್ತಿಕೊಳ್ಳುತ್ತೇನೆ. ನನ್ನನ್ನು ನಾನು ಬಲ್ಲೆ. ಅದು ನನ್ನ ಕೈಗೆ ಸಿಗದ ಹಾಗೆ ಮಾಡಿ. ಎರಡು ವರ್ಷವಲ್ಲ, ಹತ್ತು ವರ್ಷ ಗಂಜಿ ಕುಡಿಸುತ್ತೇನೆ.

ಬಂಗಾರೆವ್ವ ಒಳಗೆ ಕುಳಿತು, ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಕೈಯಿಂದ ಮುರಿಯುತ್ತಿದ್ದಾಳೆ. ಸದ್ದು ಇಲ್ಲಿಯವರೆಗೂ ಕೇಳುತ್ತಿದೆ.