ಆಟದೊಳಗಿನ ಕಣಜ

ದಾವಣಗೆರೆ
ಗುರುವಾರ

ಪ್ರೀತಿಯ ಕೀರ್ತನಾ,

ಈ ಕಾಲದಲ್ಲಿ ಇವಳಿಗೇನು ಕಾಗದ ಬರೆಯುವ ಹುಚ್ಚು ಅಂದುಕೊಳ್ಳಬೇಡ. ತಮ್ಮ ಫೋನು ಒಡೆದುಕೊಂಡ ಮೇಲೆ ನಿಮ್ಮಣ್ಣ ನಿನ್ನ ಫೋನನ್ನೇ ಹಿಡಿದು ಕೂತಿರುತ್ತಾರೆ. ಇದು ಅವರ ಕಣ್ಣಿಗೆ ಬೀಳಬಾರದು. ಅದಕ್ಕೇ ನಮ್ಮ ಅಂಗಡಿ ಸರಕಿನ ಟೆಂಪೋದಲ್ಲಿ ನಿಮ್ಮ ಹರಿಹರಕ್ಕೆ ಬರುವ ಮೌಲಾ ಸಾಬರ ಕೈಲಿ ಕಳಿಸುತ್ತಿದ್ದೇನೆ.

ಮಂಗಳವಾರ ನೀನು ಕೆ.ಬಿ. ಬಡಾವಣೆಯ ನಮ್ಮ ಕಂಪ್ಯೂಟರ್ ಸೆಂಟರಿಗೆ ಬಂದು ಕೇಳಿದ ಪ್ರಶ್ನೆಗೆ ಮೊದಲು ಉತ್ತರ. ಓಡುತ್ತಿರುವ ಕಂಪ್ಯೂಟರ್ ಆಟದ ಮೆಮೊರಿಗೆ ಕೈ ಹಾಕಿ ಅಂಕಿ ಬದಲಿಸಬೇಕಾದರೆ ಮೊದಲು ಯಾವ ಭಾಷೆ ಕಲಿಯಬೇಕು ಅಂದೆ. ಪೈಥಾನ್ ಕಲಿ. ಯೂಟ್ಯೂಬಿನ ಪಂಡಿತರೆಲ್ಲ ಸಿ, ಸಿ ಪ್ಲಸ್ ಪ್ಲಸ್ ಅಂತ ಕೂಗಾಡುತ್ತಾರೆ. ಮೆಮೊರಿಯ ಒಳಗುಟ್ಟು ತಿಳಿಯುವುದು ಅಲ್ಲೇ, ಸುಳ್ಳಲ್ಲ. ಆದರೆ ಪಾಯಿಂಟರ್ ಅಂದ ಕೂಡಲೇ ನೀನು ಪುಸ್ತಕ ಮುಚ್ಚಿ ಗಿರ್ಮಿಟ್ ತಿನ್ನಲು ಹೊರಡುವವಳು, ಕಾಲೇಜಿನಲ್ಲಿ ಕಂಡಿದ್ದೇನೆ. ಪೈಥಾನಿನಲ್ಲಿ ನಾಲ್ಕೈದು ಸಾಲು ಬರೆದರೆ ಅಂಕಿ ಓದಲು, ತಿದ್ದಲು ಬರುತ್ತದೆ. ಆಟವನ್ನು ಮುಚ್ಚಿ ತೆರೆದಾಗ ಮೆಮೊರಿಯಲ್ಲಿ ಆ ಅಂಕಿಯ ವಿಳಾಸ ಯಾಕೆ ಬದಲಾಗುತ್ತದೆ ಅಂತ ತಲೆ ಕೆರೆದುಕೊಳ್ಳುವ ದಿನ ಬಂದರೆ, ಆಗ ಸಿ ಕಲಿ.

ಬೇರೆ ಯಾರೇ ಕೇಳಿದ್ದರೂ ನನ್ನ ಉತ್ತರ ಇಲ್ಲಿಗೆ ಮುಗಿಯುತ್ತಿತ್ತು.

ಅವತ್ತು ನೀನು ನಗುನಗುತ್ತಾ ಹೇಳಿದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. ನಿಮ್ಮಣ್ಣ ಲೇತ್ ಶಾಪಿನಿಂದ ಬಂದವರೇ ಆ ಹೊಲದ ಆಟದ ಮುಂದೆ ಕೂರುತ್ತಾರೆ, ಹೆಣ್ಣು ನೋಡಲು ಕರೆದರೆ ಒಲ್ಲೆ ಅನ್ನುತ್ತಾರೆ ಅಂದೆ. ನಿಮ್ಮವ್ವ ಪುಟ್ಟಕ್ಕನವರು, "ಆ ಆಟಾನೇ ಇವ್ನಿಗೆ ಹೆಂಡ್ತಿ ಆಗೈತೆ" ಅಂತ ಕಣ್ಣೀರು ಹಾಕುತ್ತಾರೆ ಅಂದೆ. ಅದಕ್ಕೆ ನೀನೇ ಮದ್ದು ಮಾಡಲು ಹೊರಟೆ. ಆಟ ತೆರೆದಿಟ್ಟು ಅವರು ಊಟಕ್ಕೆ ಎದ್ದಾಗ ಹೋಗಿ ಕೂತು, ನೆಟ್ಟಿನಿಂದ ಇಳಿಸಿದ ಯಾವುದೋ ಟೂಲಿನಲ್ಲಿ ಕಣಜದ ಜೋಳದ ಅಂಕಿ ಹುಡುಕಿದೆ. ಸಾವಿರ ಕಡೆ ಸಿಕ್ಕಿತು. ಆಟದಲ್ಲಿ ಒಂದು ಚೀಲ ಮಾರಿ, ಬದಲಾದ ಅಂಕಿಯನ್ನು ಮತ್ತೆ ಹುಡುಕಿದೆ, ಒಂದೇ ಕಡೆ ಉಳಿಯಿತು. ಅಲ್ಲಿ ಸೊನ್ನೆ ಇಟ್ಟು ಎದ್ದು ಬಂದೆ.

ಸೊನ್ನೆ ಇಟ್ಟ ದಿನವೇ ನಿಮ್ಮಣ್ಣ ಫೋನನ್ನು ಗೋಡೆಗೆ ಎಸೆದರು. ಮಾರನೇ ದಿನ ಬೆಳಿಗ್ಗೆ, "ಯಾವ ಹೆಣ್ಣಾದ್ರೂ ಸರಿ, ಭಾನುವಾರ ನಡೀರಿ" ಅಂದರು. "ಔಷಧಿ ನಾಟೈತೆ ಕಣೇ! ಇನ್ನು ಹೊಲ, ಮನೆ ಎಲ್ಲಾ ಅಳಿಸ್ಬೇಕು, ಕಲಿಸು" ಅಂತ ನೀನು ನನ್ನ ಬೆನ್ನಿಗೆ ಗುದ್ದಿದೆ. ಸುತ್ತ ವಿದ್ಯಾರ್ಥಿಗಳಿದ್ದರು. ನಾನೂ ನಕ್ಕೆ. ಹೇಗೆ ನಕ್ಕೆನೋ ನನಗೇ ಗೊತ್ತಿಲ್ಲ.

ಕೀರ್ತನಾ, ಆ ಹೊಲ ಅವನೊಬ್ಬನದಲ್ಲ. ಆಟ ನಡೆಯುವುದು ಅವನ ಕಂಪ್ಯೂಟರಿನಲ್ಲಿ, ಇನ್ನೊಬ್ಬಳು ತನ್ನ ಮನೆಯಿಂದಲೇ ನೆಟ್ಟಿನ ಮೂಲಕ ಬಂದು ಸೇರುತ್ತಾಳೆ. ಲೆಕ್ಕವೆಲ್ಲ ಅವನ ಹತ್ತಿರವೇ ಇರುವುದರಿಂದ ನೀನು ಇಟ್ಟ ಸೊನ್ನೆ ಇಬ್ಬರಿಗೂ ಸೊನ್ನೆ. ಕಣಜ ತೆಗೆಯಲು ಬರುವುದು ಅವರಿಬ್ಬರಿಗೆ ಮಾತ್ರ. ಆ ಇನ್ನೊಬ್ಬಳು ನಾನು.

ಬೈಯಬೇಡ, ಪೂರ್ತಿ ಓದು. ನಿಮ್ಮ ಮನೆಗೆ ಎಷ್ಟು ಸಲ ಬಂದಿದ್ದೇನೆ, ನಿಮ್ಮಣ್ಣ ಸಿದ್ದೇಶನನ್ನು ಒಮ್ಮೆಯಾದರೂ ನಾನು ಅಣ್ಣ ಅಂದಿದ್ದೇನಾ? ನಮ್ಮ ಜಾತಿ ಬೇರೆ, ನಿಮ್ಮದು ಬೇರೆ. ಮಂಡಿಪೇಟೆ ಬಕ್ಕೇಶಪ್ಪನ ಮಗಳು ಲೇತ್ ಶಾಪಿನ ಹುಡುಗನ ಜೊತೆ ಒಂದು ಚಾ ಕುಡಿದರೂ, ಲೋಟ ತೊಳೆಯುವಷ್ಟರಲ್ಲಿ ಸುದ್ದಿ ಅಪ್ಪನ ಅಂಗಡಿ ಮುಟ್ಟಿರುತ್ತದೆ. ನಮಗೆ ಕೂತು ಮಾತಾಡಲು ಇದ್ದದ್ದು ಆ ಹೊಲದ ಬದು ಒಂದೇ. ಅಪ್ಪನ ಮುಂದೆ ನಿಲ್ಲಲು ಅವನಿಗೆ ಧೈರ್ಯ ಸಾಲದು. ಕಡೆಗೆ ಅವನೇ ಒಂದು ವಾಯಿದೆ ಹಾಕಿಕೊಂಡ. "ಈ ಕಣಜ ತುಂಬಿದ ದಿನ ನಿಮ್ಮಪ್ಪಾಜಿ ಹತ್ರ ಬಂದು ಕೇಳೇಬಿಡ್ತೀನಿ" ಅಂದ. ಹುಡುಗಾಟವೇ, ಒಪ್ಪುತ್ತೇನೆ. ಆದರೆ ಆ ಜೋಳ ಬೆಳೆದಷ್ಟು ಶ್ರದ್ಧೆಯಿಂದ ನಾನು ಯಾವ ಪರೀಕ್ಷೆಗೂ ಓದಿಲ್ಲ. ಇನ್ನೊಂದು ಸುಗ್ಗಿ ಆಗಿದ್ದರೆ ತುಂಬುತ್ತಿತ್ತು.

ಅವನು ಊಟ ಮುಗಿಸಿ ಬಂದು ನೋಡಿದರೆ ಒಂದು ಕಾಳಿಲ್ಲ. ನನಗೆ ಫೋನು ಮಾಡಿದ. "ಬ್ಯಾಡ ಅನ್ನಂಗಿದ್ರೆ ಬಾಯಿಬಿಟ್ಟು ಹೇಳ್ಬೇಕಿತ್ತು. ಕದ್ದು ಯಾಕ ಖಾಲಿ ಮಾಡ್ದೆ?" ಅಂದ. ನಾನಲ್ಲ, ನಾನಲ್ಲ ಅಂತ ಅತ್ತೆ. ಮತ್ಯಾರು ಅಂದ. ಆಮೇಲೆ ಏನೋ ಒಡೆದ ಸದ್ದು. ಅಲ್ಲಿಂದೀಚೆಗೆ ಹೊಲದ ಬಾಗಿಲೂ ನನಗೆ ತೆರೆಯುತ್ತಿಲ್ಲ. ಯಾರು ಅಂತ ನನಗೆ ಗೊತ್ತಾದದ್ದೇ ಮಂಗಳವಾರ, ನೀನು ಬೆನ್ನಿಗೆ ಗುದ್ದಿದಾಗ.

ನಿನ್ನ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಬರುವ ಸಿಟ್ಟಿಗೆ ನಿನ್ನ ಜಡೆ ಹಿಡಿದು ಎಳೆಯಬೇಕು ಅನ್ನಿಸುತ್ತದೆ. ಆದರೆ ಈಗ ನೀನೇ ನನಗೆ ದಿಕ್ಕು. ನಾನು ಹೇಳಿದರೆ ಅವನು ನಂಬುವುದಿಲ್ಲ, ತಪ್ಪಿಸಿಕೊಳ್ಳಲು ನಿನ್ನ ಹೆಸರು ಹೇಳುತ್ತಿದ್ದೇನೆ ಅನ್ನುತ್ತಾನೆ. ನೀನೇ ಹೇಳು. ಬೇಕಾದರೆ ಆ ಟೂಲು ತೆರೆದು ಅವನ ಕಣ್ಣೆದುರೇ ಮಾಡಿ ತೋರಿಸು. ಭಾನುವಾರ ಎಲೆ ಅಡಿಕೆ ಕೈ ಬದಲಾದರೆ ಕೊಟ್ಟ ಮಾತು ಮುರಿಯುವವನಲ್ಲ ಅವನು. ಆ ಹುಡುಗಿಗೂ ಅನ್ಯಾಯ, ನನಗೂ. ಅವನಿಲ್ಲದೆ ನಾನು ಇರಲಾರೆ ಕೀರ್ತನಾ. ಓದಿದ ಮೇಲೆ ಇದನ್ನು ಒಲೆಗೆ ಹಾಕು. ಅಪ್ಪನಿಗೆ ಸುಳಿವು ಸಿಕ್ಕರೆ ನನ್ನನ್ನು ಸೆಂಟರಿಗೂ ಕಳಿಸುವುದಿಲ್ಲ.

ನಿನ್ನ ದಾರಿ ಕಾಯುತ್ತಿರುವ,
ಅಂಕಿತಾ

ಮ.ವಿ.: ತಾಯಿ ಕೀರ್ತನಾ, ಇದನ್ನು ಬರೀತಿರೋನು ಅಂಕಿತಾಳ ಅಪ್ಪ ಬಕ್ಕೇಶಪ್ಪ. ನಮ್ಮ ಟೆಂಪೋ ಏರೋ ಯಾವ ಕಟ್ಟನ್ನೂ ನಾನು ಬಿಚ್ಚಿ ನೋಡದೆ ಕಳಿಸಿದೋನಲ್ಲ. ಅಂಗಡಿಯಾಗೆ ಬೆಳೆದ ಮಗಳು ಅದನ್ನೇ ಮರೆತಾಳೆ. ನಾನು ಓದಿದ್ದು ಅವಳಿಗೆ ಗೊತ್ತಿಲ್ಲ. ಪೈಥಾನೋ ಗೀಥಾನೋ ಆಮೇಲೆ ಕಲಿಯುವಿಯಂತೆ, ಮೊದಲು ನನ್ನ ಮಗಳು ಕಳ್ಳಿ ಅಲ್ಲ ಅಂತ ನಿಮ್ಮಣ್ಣಗ ಹೇಳು. ಭಾನುವಾರ ಅವನು ಎಲ್ಲಿಗೂ ಹೋಗೋದು ಬ್ಯಾಡ, ಸೀದಾ ಮಂಡಿಪೇಟೆಗೆ ಬರಲಿ. ನಾನು ಹೂಂ ಅಂತೀನಿ ಅಂತ ತಿಳೀಬ್ಯಾಡ್ರಿ, ಒಲ್ಲೆ ಅಂತಾನೇ ಅನ್ನಬಹುದು. ಆದ್ರೆ ಬಂದು ಕೇಳದೇ ಇರೋನಿಗೆ ಒಲ್ಲೆ ಅಂತಾದ್ರೂ ಹೆಂಗೆ ಅನ್ನಲಿ?